ಫೋನಿನಲ್ಲಿ ಗುಡ್ಡ ಇರಲಿಲ್ಲ

ಆ ದಿನ ಕಿಗ್ಗ ದಾಟಿದ ಮೇಲೆ ದಾರಿ ತಪ್ಪಿದ್ದು ಯಾರಿಂದ ಎಂಬುದು ನನಗೆ ಈಗಲೂ ಖಚಿತವಿಲ್ಲ. ನನ್ನಿಂದಲೇ ಎನ್ನುತ್ತಾರೆ ಭಾವ. ಕವಲಿನಲ್ಲಿ ಅವರೇ ಮೊದಲು ಸ್ಟೇರಿಂಗ್ ತಿರುಗಿಸಿದರು ಎಂದು ನನ್ನ ನೆನಪು. ಆದರೆ ನಾನು ಇತಿಹಾಸ ಓದಿದವನು, ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ಕಲಿತವನು. ಆ ಸಾಕ್ಷಿ ನಾನೇ ಆದರೂ ಅಷ್ಟೆ. ಹಾಗಾಗಿ ಮುಂದಿನದನ್ನು ಸ್ವಲ್ಪ ಹುಷಾರಾಗಿ ಓದಿಕೊಳ್ಳಿ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ನರಸಿಂಹರಾಜಪುರದ ಅಕ್ಕನ ಮನೆಯಿಂದ ಹೊರಟೆವು. ಭಾವ ಅಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಐವತ್ತು ದಾಟಿದ ಮೇಲೆ ಮದ್ದಳೆ ಕಲಿಯಲು ಶುರು ಮಾಡಿದವರು. ಸಿರಿಮನೆ ಕಡೆಯ ಒಂದು ಮನೆಯಲ್ಲಿ ಮಧ್ಯಾಹ್ನ ತಾಳಮದ್ದಳೆ ಇತ್ತು. ವೇಷ, ಕುಣಿತ ಯಾವುದೂ ಇಲ್ಲದೆ, ಕುಳಿತೇ ಹಾಡಿ ಅರ್ಥ ಹೇಳುವ ಕೂಟ. ಅಲ್ಲಿ ಯಾವಾಗಲೂ ಬಾರಿಸುವವರಿಗೆ ಜ್ವರ ಬಂದು ಭಾವನಿಗೆ ಕರೆ ಬಂದಿತ್ತು, ಜೀವನದಲ್ಲಿ ಮೊದಲ ಬಾರಿ.

"ಇವತ್ತು ತಪ್ಪಿಸಿದ್ರೆ ಇನ್ನು ನನ್ನನ್ನು ಯಾರೂ ಕರೆಯಲ್ಲ, ಮಾರಾಯ" ಎಂದು ಭಾವ ಊರು ದಾಟುವ ಮೊದಲೇ ಎರಡು ಸಲ ಹೇಳಿದರು. ಹಿಂದಿನ ಸೀಟಿನಲ್ಲಿ ಮದ್ದಳೆ ಬೆಡ್‌ಶೀಟ್ ಹೊದ್ದು, ಸೀಟ್ ಬೆಲ್ಟ್ ಹಾಕಿಕೊಂಡು ಕುಳಿತಿತ್ತು. ನನಗೆ ಬೆಲ್ಟ್ ಹಾಕಲು ಯಾರೂ ನೆನಪಿಸಲಿಲ್ಲ.

ಕೊಪ್ಪ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿಂದೆವು. ಬಿಸಿ ಇತ್ತು, ಬಾಳೆಹಣ್ಣಿನ ಸಿಹಿ ಹದವಾಗಿತ್ತು. ಅಲ್ಲಿಂದಲೇ ಭಾವ ಆ ಮನೆಯ ಶ್ರೀಧರಣ್ಣನಿಗೆ ಫೋನ್ ಮಾಡಿ ದಾರಿ ಕೇಳಿದರು. "ಕಿಗ್ಗದಿಂದ ಮುಂದೆ ಸೇತುವೆ ಸಿಗ್ತದೆ. ಅದು ದಾಟಿದ್ರೆ ದಾರಿ ಎರಡಾಗ್ತದೆ. ಮೇಲಿನದ್ದಕ್ಕೆ ಬನ್ನಿ. ಕಿಗ್ಗ ಕಳೆದ್ಮೇಲೆ ನೆಟ್‌ವರ್ಕ್ ಇಲ್ಲ, ಮತ್ತೆ ಕೇಳ್ಲಿಕ್ಕಾಗಲ್ಲ."

ಹಾಗಾದರೆ ನಕ್ಷೆಯನ್ನು ಇಲ್ಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು ಎಂದೆ. ಕೊಪ್ಪ, ಶೃಂಗೇರಿ, ಸಿರಿಮನೆ ಮೂರೂ ಒಂದೇ ಚೌಕದೊಳಗೆ ಬರುವಂತೆ ಬೆರಳಿನಿಂದ ಎಳೆದು ಡೌನ್‌ಲೋಡ್ ಒತ್ತಿದೆ. ಫೋನಿನಲ್ಲಿ ಜಾಗವಿಲ್ಲ ಎಂದು ಬಂತು. ತೆರೆದು ನೋಡಿದರೆ ಪೂರ್ತಿ ಶುಭೋದಯದ ಹೂವುಗಳು, ಹೆಚ್ಚಿನವು ಅಕ್ಕ ಕಳಿಸಿದ್ದವು.

"ಎಲ್ಲ ಅಳಿಸು. ನಿನ್ನಕ್ಕನಿಗೆ ನಾನು ಹೇಳಲ್ಲ" ಎಂದರು ಭಾವ.

ಕಾಫಿ ಮುಗಿಯುವುದರೊಳಗೆ ಮಲೆನಾಡಿನ ಒಂದು ತುಂಡು ನನ್ನ ಜೇಬಿಗೆ ಇಳಿಯಿತು.

ಹರಿಹರಪುರದ ಮೇಲೆ ಶೃಂಗೇರಿಗೆ ಮೂವತ್ತರ ಹತ್ತಿರ. ದಾರಿಯುದ್ದಕ್ಕೂ ಎಳೆಬಿಸಿಲು. ಭಾವ ಸ್ಟೇರಿಂಗಿನ ಮೇಲೇ ತಾಳ ಹಾಕುತ್ತಾ ಬಂದರು. ಎದುರಿನ ಬಸ್ಸಿನವನು ಹಾರ್ನ್ ಹೊಡೆದರೆ ಅದೂ ತಾಳಕ್ಕೆ ಸರಿಯಾಗಿದೆ ಎಂದು ತಲೆದೂಗಿದರು. ಶೃಂಗೇರಿಯಲ್ಲಿ ಊಟ ಮುಗಿಸಿ ಕಿಗ್ಗ ದಾಟಿದೆವು. ಶ್ರೀಧರಣ್ಣ ಹೇಳಿದಂತೆ ಫೋನಿನ ಸಿಗ್ನಲ್ ಹೋಯಿತು. ಆದರೆ ನಕ್ಷೆಯ ಮೇಲಿನ ನೀಲಿ ಚುಕ್ಕೆ ಮಾತ್ರ ನಮ್ಮ ಜೊತೆಗೇ ಓಡುತ್ತಿತ್ತು. ಚುಕ್ಕೆಗೆ ಉಪಗ್ರಹ ಸಾಕು, ನೆಟ್‌ವರ್ಕ್ ಬೇಡ ಎಂದು ಓದಿದ್ದೆ. ಕಣ್ಣಾರೆ ನೋಡುವ ತನಕ ನಂಬಿರಲಿಲ್ಲ.

ಸೇತುವೆ ಬಂತು, ಕವಲೂ ಬಂತು. ಬಿದಿರು ಮೆಳೆ ಅಡ್ಡ ಇದ್ದು ಎರಡೂ ದಾರಿ ಮಟ್ಟಸವಾಗಿಯೇ ಕಂಡವು.

"ಯಾವುದಾ?" ಎಂದರು ಭಾವ.

ಪರದೆಯಲ್ಲಿ ಒಂದು ಗೆರೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋಗಿತ್ತು. "ಮೇಲಿನದ್ದು ಇದು" ಎಂದು ತೋರಿಸಿದೆ. ಅಥವಾ ನಾನು ತೋರಿಸುವ ಮೊದಲೇ ಕಾರು ತಿರುಗಿತ್ತು.

ದಾರಿ ಇಳಿಯಿತು, ಇಳಿಯುತ್ತಲೇ ಹೋಯಿತು. ಹೊಳೆಯ ಪಕ್ಕದ ಒಂದು ಅಂಗಳದಲ್ಲಿ ಮುಗಿದೇ ಹೋಯಿತು. ಹಪ್ಪಳ ಒಣಗಿಸುತ್ತಿದ್ದ ಹೆಂಗಸೊಬ್ಬರು ಕೈಯಲ್ಲಿದ್ದ ಕಾಗೆ ಓಡಿಸುವ ಕೋಲಿನೊಂದಿಗೇ ಎದ್ದು ಬಂದರು. ಶ್ರೀಧರಣ್ಣನ ಮನೆ ಕೇಳಿದೆವು.

"ಅಯ್ಯೋ, ಕೆಳಗೆ ಬಂದ್ಬಿಟ್ರಲ್ಲ ಮಾರಾಯ್ರೇ! ಅವರ ಮನೆ ಮೇಲೆ."

"ನಾವು ಮೇಲಿನ ದಾರಿಗೇ ಬಂದದ್ದು" ಎಂದು ಫೋನ್ ತೋರಿಸಿದೆ. "ನೋಡಿ, ಇದರಲ್ಲಿ ಮೇಲೆ ಅಂದರೆ ಉತ್ತರ."

"ಉತ್ತರಕ್ಕೆ ನಮ್ಮ ಹೊಳೆ ಇದೆ, ಬೇಕಾದ್ರೆ ಇಳೀರಿ." ಅವರು ಬೆನ್ನ ಹಿಂದಿನ ಗುಡ್ಡದ ಕಡೆ ಕೋಲು ಎತ್ತಿದರು. "ಮೇಲೆ ಅಂದ್ರೆ ಅದು. ಎಂತ, ನಿಮ್ಮ ಫೋನಿಗೆ ಗುಡ್ಡ ಇಲ್ವಾ?"

ಭಾವ ನಗಲಿಲ್ಲ. ವಾಪಸು ಸೇತುವೆಗೆ ಹೋಗಿ ಗುಡ್ಡ ಸುತ್ತಿ ಬರುವಷ್ಟರಲ್ಲಿ ಕೂಟ ಶುರುವಾಗಿರುತ್ತದೆ, ಮದ್ದಳೆಯ ಶ್ರುತಿ ಮಾಡಲೂ ಹೊತ್ತು ಬೇಕು ಎಂದು ಕಾರಿಗೆ ಒರಗಿ ನಿಂತರು. ಆ ಮುಖ ನೋಡಲಾಗದೆ ನಕ್ಷೆಯನ್ನು ಹಿಗ್ಗಿಸಿದೆ. ಅಂಗಳದ ಹಿಂಬದಿಯಿಂದ ಮೇಲಿನ ರಸ್ತೆಗೆ ಸಣ್ಣ ಚುಕ್ಕಿಗೆರೆಯೊಂದು ಸೇರುತ್ತಿತ್ತು. ಇದು ನಿಜವೇ ಎಂದು ಕೇಳಿದೆ.

ಅವರು ಬಗ್ಗಿ ನೋಡಿ ಜೋರಾಗಿ ನಕ್ಕರು. "ಅದು ನಮ್ಮ ಕಾಲುದಾರಿ! ಯಾರೋ ಗುಡ್ಡ ಹತ್ತಲಿಕ್ಕೆ ಬಂದವರು ಗೆರೆ ಹಾಕ್ಕೊಂಡು ಹೋಗಿರ್ಬೇಕು. ಮನೆ ಬಿಟ್ಟು ದಾರಿ ಮಾತ್ರ ಹಾಕಿದ್ದಾರೆ ನೋಡಿ. ಹೋಗಿ ಹೋಗಿ, ಬೇಗ ಮುಟ್ತೀರಿ."

ಭಾವ ಮದ್ದಳೆಯನ್ನು ಎದೆಗವಚಿಕೊಂಡು ಹೊರಟರು. "ಕೂಸಿಗೆ ಬಿಸಿಲು ತಾಗದ ಹಾಗೆ ನೋಡ್ಕೊಳ್ಳಿ!" ಎಂದು ಹಿಂದಿನಿಂದ ಕೂಗು ಬಂತು. ನಾನು ಮುಂದೆ, ಫೋನ್ ಹಿಡಿದು. ಕವಲು ಬಂದಲ್ಲೆಲ್ಲ ನೀಲಿ ಚುಕ್ಕೆ ಚುಕ್ಕಿಗೆರೆಯ ಮೇಲೇ ಇದೆಯೇ ಎಂದು ನೋಡಿ ಹತ್ತಿದೆ. ಅರ್ಧ ಗುಡ್ಡದಲ್ಲಿ ತಾಳದ ಸದ್ದು ಕೇಳಿಸಿತು. ಭಾವ ಏದುಸಿರಿನಲ್ಲೇ ನನ್ನನ್ನು ಹಿಂದೆ ಹಾಕಿದರು.

ಜಗಲಿಯಲ್ಲಿ ಭಾಗವತರು ತಾಳ ಹಿಡಿದು ಕುಳಿತಿದ್ದರು, ಪದ ಎತ್ತಿರಲಿಲ್ಲ. "ಬಂದ್ರಾ ಮೇಷ್ಟ್ರೇ? ಲೆಕ್ಕ ತಪ್ಪಿತು ಅಂದ್ಕೊಂಡೆ."

"ತಪ್ಪಿದ್ದು ದಿಕ್ಕು, ಭಾಗವತರೇ. ಲೆಕ್ಕ ಸರಿ ಇದೆ" ಎಂದು ಭಾವ ಬೆವರು ಒರೆಸಿ ಶ್ರುತಿ ಮಾಡಲು ಕುಳಿತರು.

ಮೊದಲ ಪದಕ್ಕೆ ಅವರು ಭಾಗವತರ ಮುಖವನ್ನೇ ನೋಡುತ್ತಾ ಬಾರಿಸಿದರು. ಮೂರನೆಯದಕ್ಕೆ ಭಾಗವತರು ವೇಗ ಏರಿಸಿದರು. ಬೇಕೆಂದೇ ಏರಿಸಿದರೇನೋ. ಭಾವ ಬಿಡಲಿಲ್ಲ. ಶ್ರೀಧರಣ್ಣ "ಭಲೇ!" ಎಂದಾಗ ಇಡೀ ಜಗಲಿ ನಕ್ಕಿತು. ತಾಳದ ಗಂಧವಿಲ್ಲದ ನಾನೂ ತೊಡೆ ತಟ್ಟುತ್ತಿದ್ದೆ.

ಸಂಜೆ ಅದೇ ಕಾಲುದಾರಿಯಲ್ಲಿ ಕಾರಿಗೆ ಇಳಿದೆವು. ಹೊರಡುವಾಗ ಭಾಗವತರು ನನ್ನನ್ನು ಬದಿಗೆ ಕರೆದು, ಮುಂದಿನ ಕೂಟಕ್ಕೂ ಮದ್ದಳೆಗೆ ಮೇಷ್ಟ್ರೇ ಬರಲಿ ಎಂದಿದ್ದರು. ಅದನ್ನು ಹೇಳಿದರೆ ಭಾವ ಒಪ್ಪಲೇ ಇಲ್ಲ. "ನನಗೆ ಖುಷಿಯಾಗ್ಲಿ ಅಂತ ಕಟ್ಟಿ ಹೇಳ್ತಿದ್ದೀಯ" ಎಂದರು. ಊರು ಮುಟ್ಟುವಷ್ಟರಲ್ಲಿ ನನಗೂ ಅನುಮಾನ ಬಂತು. ವಾರ ಕಳೆದು ಶ್ರೀಧರಣ್ಣನಿಗೆ ಫೋನ್ ಮಾಡಿ ಕೇಳಿದೆ. ಭಾಗವತರು ತಮಗೂ ಹಾಗೆಯೇ ಹೇಳಿದ್ದು ನಿಜ ಎಂದರು.