ಚೀಟಿ ಇಲ್ಲದ ಅಂಗಡಿ

ಗಿರಣಿಯ ಗೇಟಿನೆದುರಿನ ಬಟ್ಟೆ ಅಂಗಡಿಯಲ್ಲಿ ಯಾವ ಥಾನಿಗೂ ಇದು ಇಂಥ ಬಟ್ಟೆ ಎಂಬ ಚೀಟಿ ಅಂಟಿಸುವ ಪದ್ಧತಿ ಇರಲಿಲ್ಲ. ಹಟ ಅಂದರೆ ಹಟ, ಜಂಬ ಅಂದರೆ ಜಂಬ. ಅಂಗಡಿ ಇಟ್ಟ ಅಜ್ಜ ಕಣ್ಣು ಮುಚ್ಚಿ, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, ಅಪ್ಪಟ ಹತ್ತಿಯೋ ಬೆರಕೆಯೋ ಹೇಳಿಬಿಡುತ್ತಿದ್ದ. ನೂಲು ಸುಟ್ಟು ನೋಡುವ ವ್ಯಾಪಾರಿಗಳನ್ನು ಕಂಡರೆ ಅವನಿಗೆ ನಗು. ಅಪ್ಪನೂ ಹಾಗೇ. ಮೂರನೆಯ ತಲೆಮಾರಿನ ಇವನನ್ನು ಜನ ‘ಬೆರಳು ಸಾಹುಕಾರ’ ಎಂದು ಕರೆದರು, ಇವನೂ ಉಬ್ಬಿಹೋದ.

ಆ ಬೆರಳುಗಳು ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದು ವರ್ಷವಾಗಿತ್ತು. ಬಾಯಿ ಬಿಟ್ಟು ಯಾರಿಗೆ ಹೇಳುವುದು? ಅಪ್ಪಟದ್ದು ಮೇಲಿನ ಹಲಗೆಗೆ, ಬೆರಕೆ ಕೆಳಗಿನದಕ್ಕೆ ಎಂದು ಗುರುತಿಟ್ಟುಕೊಂಡ. ಗಿರಾಕಿ ಬಂದರೆ ಅಂಚು ಉಜ್ಜುವ ನಾಟಕವನ್ನೂ ಬಿಡಲಿಲ್ಲ.

ಅವತ್ತು ಬೆಳಿಗ್ಗೆ ಹೆಂಡತಿ ಕಸ ಗುಡಿಸುತ್ತಾ ಕೇಳಿದಳು. “ರೀ, ಸುಣ್ಣ ಹೊಡೆಸಿದಾಗ ಎರಡು ಖಾಕಿ ಥಾನು ಕೆಳಗಿಳಿಸಿದ್ನಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಇಟ್ಟೆ ಅಂತ ನೆನಪೇ ಇಲ್ಲ. ನೀವು ಮುಟ್ಟಿ ನೋಡಿದ್ರಿ ತಾನೇ?”

ಅವನು ಲೆಕ್ಕದ ಪುಸ್ತಕ ತಿರುವಿದ. ಸುಣ್ಣ ಹೊಡೆಸಿದ ಮಾರನೆಯ ದಿನವೇ ಬಾಯ್ಲರ್ ಕೆಲಸದವನಿಗೆ ಮೇಲಿನ ಖಾಕಿ ಹರಿದು ಕೊಟ್ಟಿದ್ದ. ಬೆಂಕಿಯ ಮುಂದೆ ನಿಲ್ಲುವವನು. ಕಿಡಿ ಬಿದ್ದರೆ ಹತ್ತಿ ಸುಟ್ಟು ಬೂದಿಯಾಗುತ್ತದೆ. ಬೆರಕೆಯಾದರೆ ಅದರೊಳಗಿನ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ತಲೆಯೆತ್ತಿದರೆ ಆ ಬಾಯ್ಲರಿನವನೇ ಹೊಸ ಖಾಕಿ ಅಂಗಿ ತೊಟ್ಟು ಪಾಳಿಗೆ ಹೊರಟಿದ್ದ. ಸಾಹುಕಾರ ಬರಿಗಾಲಲ್ಲೇ ಓಡಿ, ಗೇಟಿನಲ್ಲಿ ಅವನ ತೋಳು ಹಿಡಿದು, ಅಂಗಿಯ ಅಂಚನ್ನು ಉಜ್ಜಿದ. ಇನ್ನೊಮ್ಮೆ ಉಜ್ಜಿದ. ದೇವರೇ, ಇದೊಂದು ಸಲ ಹೇಳಿಬಿಡಲಿ ಈ ಬೆರಳು! ಏನೂ ಇಲ್ಲ. ಗೋಡೆ ಮುಟ್ಟಿದರೂ ಅಷ್ಟೇ, ರೇಷ್ಮೆ ಮುಟ್ಟಿದರೂ ಅಷ್ಟೇ.

“ಏನ್ ಸಾಹುಕಾರ್ರೇ, ನಿಮ್ಮ ಬಟ್ಟೆ ನಿಮಗೇ ಗುರುತು ಸಿಗ್ಲಿಲ್ವಾ?” ಎಂದು ಅವನು ನಕ್ಕ.

“ಇಲ್ಲಪ್ಪಾ. ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ವರ್ಷದಿಂದ ಸುಳ್ಳು ಹೇಳ್ಕೊಂಡು ಬಂದೆ. ಈ ಅಂಗಿ ಬಿಚ್ಚಿಬಿಡು, ನಿನ್ನ ಕಾಲು ಹಿಡೀತೀನಿ.”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಬಾಯ್ಲರಿನವನು ಪ್ರೀತಿಯಿಂದಲೇ ಅವನ ಕೈ ಬಿಡಿಸಿಕೊಂಡ.

“ಬೆಳಬೆಳಿಗ್ಗೆ ಒಳ್ಳೇ ತಮಾಷೆ! ನಮ್ಮಪ್ಪ, ನಮ್ಮಜ್ಜ ಎಲ್ಲಾ ನಿಮ್ಮಂಗಡಿ ಬಟ್ಟೇಲೇ ಬಾಯ್ಲರ್ ಮುಂದೆ ನಿಂತೋರು. ನಿಮ್ಮ ಬೆರಳು ತಪ್ಪುತ್ತಾ? ಬಿಡಿ, ಹೊತ್ತಾಯ್ತು.”

ಸೈರನ್ ಕೂಗಿತು. ಅವನು ಒಳಗೆ ಹೋದ, ಕಾವಲುಗಾರ ಗೇಟು ಹಾಕಿದ.

ಹೆಂಡತಿ ಹಿಂದೆಯೇ ಬಂದಿದ್ದಳು, ಕೈಯಲ್ಲಿ ಬೆಂಕಿಪೊಟ್ಟಣ. ಅವಳಿಗೆ ಎಲ್ಲ ಗೊತ್ತಿತ್ತು ಎಂದು ಅವನಿಗೆ ಆಗ ತಿಳಿಯಿತು. ಅಂಗಿ ಉಜ್ಜುವಾಗ ಅವನ ಉಗುರಿಗೆ ಸಿಕ್ಕಿಕೊಂಡಿದ್ದ ಖಾಕಿ ಎಳೆಯನ್ನು ಬಿಡಿಸಿ ಅವಳು ಕಡ್ಡಿ ಗೀರಿದಳು. ಎಳೆ ಬೂದಿಯಾಗಲಿಲ್ಲ. ಮುದುಡಿ, ತುದಿಯಲ್ಲಿ ಕರ್ರಗೆ ಗಟ್ಟಿ ಮಣಿ ಕಟ್ಟಿತು.

ಅವನು ಎರಡೂ ಕೈಯಿಂದ ಗೇಟು ಬಡಿಯತೊಡಗಿದ.

“ಸಾಹುಕಾರ್ರೇ, ಸಂಜೆ ಪಾಳಿ ಬಿಟ್ಮೇಲೆ ಬನ್ನಿ,” ಎಂದ ಕಾವಲುಗಾರ, ಇನ್ನೂ ನಗುತ್ತಲೇ.