ಕ್ಯಾರಿಯರ್ ಮೇಲೆ ಕೂತು ಕಲಿಸಿದ ಅಕ್ಕ

ಅವರ ಹಿಮ್ಮಡಿಯ ಬಿರುಕುಗಳಲ್ಲಿ ಯಾವಾಗಲೂ ಕೆಮ್ಮಣ್ಣು ಕೂತಿರುತ್ತಿತ್ತು. ತಿಕ್ಕಿ ತೊಳೆದರೂ ಹೋಗದ ಮಣ್ಣು. ಊರಂಚಿನ ಕೆರೆ ಪಾರ್ಕಿನಲ್ಲಿ ಹೊಸಬರಿಗೆಂದೇ ಮಾಡಿದ ಸೈಕಲ್ ಹಾದಿಯಿದೆಯಲ್ಲ, ಅಲ್ಲಿಯದು. ಸೈಕಲ್ ಕಲಿಸುವವರೆಲ್ಲ ಸೀಟು ಹಿಡಿದು ಹಿಂದೆ ಓಡುತ್ತಾರೆ. ನಮ್ಮ ಎದುರುಮನೆ ಅಕ್ಕ ಕ್ಯಾರಿಯರ್ ಮೇಲೆ ಕೂತು ಕಲಿಸುತ್ತಿದ್ದರು. ಸೈಕಲ್ ಜೋರಾಯಿತೆಂದರೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಎಳೆಯುವರು. ಕೈಬ್ರೇಕು ಇದ್ದರೂ ನನಗೆ ಬ್ರೇಕು ಅದೇ.

ನನಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಹೊಸತು, ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರು. ಅವರಿಗೆ ಅರವತ್ತು ದಾಟಿತ್ತು. ಹರಿಹರದ ತವರಿನಲ್ಲಿದ್ದಾಗ ಅಣ್ಣನ ಸೈಕಲ್ ಕದ್ದೊಯ್ದು ಹೊಳೆ ದಂಡೆಯಲ್ಲಿ ಕಲಿತವರಂತೆ. ವಿನೋಬನಗರದ ನಮ್ಮ ನಮ್ಮ ಮನೆಯ ಕೆಲಸ ಮುಗಿಸಿ, ವಾಕಿಂಗಿನ ಗಂಡಸರೆಲ್ಲ ಮನೆ ಸೇರಿದ ಮೇಲೆ, ಬಿಸಿಲಿನಲ್ಲೇ ನಾವು ಹೊರಡುತ್ತಿದ್ದೆವು. ಆ ಹೊತ್ತಿಗೆ ನಗುವವರು ಇರುವುದಿಲ್ಲ.

“ಅಕ್ಕಾ, ಇಳೀರಿ. ಬಿದ್ರೆ ನಿಮ್ಮ ಸೊಂಟ ಮುರಿದೀತು.”

“ಅದಕ್ಕೇ ಕೂತೀನಿ. ಒಬ್ಳೇ ಇದ್ರೆ ಆರಾಮಾಗಿ ಬೀಳ್ತಿ ನೀನು. ತುಳಿಯೇ.”

ಹಾಗೆಂದು ಮಡಿಲಿನ ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುವರು. ನನ್ನನ್ನು ಹಿಡಿದುಕೊಳ್ಳುತ್ತಲೇ ಇರಲಿಲ್ಲ.

ಸಪಾಟು ನೆಲದಲ್ಲಿ ಕಲಿತೆ. ಕೆರೆ ಏರಿಯಿಂದ ಗೇಟಿನ ಕಡೆಗಿನ ಇಳಿಜಾರಿನಲ್ಲಿ ಮಾತ್ರ ಸೈಕಲ್ ತಳ್ಳಿಕೊಂಡೇ ಹೋಗುತ್ತಿದ್ದೆ.

ಒಂದು ದಿನ ಗೇಟಿಗೆ ದೂರವಾದ ಹಾದಿಯ ತುದಿಯಲ್ಲಿ ಅಕ್ಕ ಸದ್ದಿಲ್ಲದೆ ಇಳಿದು ಹೊಂಗೆ ಮರಕ್ಕೆ ಒರಗಿದರು. ಮುಖವೆಲ್ಲ ಬೆವರು.

“ಎದೆ ಹಿಡ್ಕೊಂಡೈತೆ ತಂಗಿ.”

ಸುತ್ತ ಯಾರೂ ಇಲ್ಲ. ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಆಟೊ ತರುತ್ತೇನೆ ಎಂದರು. ಆದರೆ ಗಾಡಿ ಒಳಗೆ ಬರದಂತೆ ಗೇಟಿನಲ್ಲಿ ಕಂಬ ನೆಟ್ಟಿದ್ದಾರೆ. ನಡೆಯಲು ಹೋದ ಅಕ್ಕ ಅಲ್ಲೇ ಕುಸಿದರು.

“ಹತ್ರಿ ಅಕ್ಕಾ.”

“ಇಳಿಜಾರು ಐತೆ.”

“ಗೊತ್ತೈತೆ, ಹತ್ರಿ!”

ಮೊದಲ ಸಲ ಅವರು ನನ್ನ ಸೊಂಟ ಹಿಡಿದರು. ಹಿಡಿತ ಸಡಿಲಾದಾಗಲೆಲ್ಲ “ಮಾತಾಡ್ರಿ ಅಕ್ಕಾ” ಎಂದು ಕೂಗುತ್ತಿದ್ದೆ. “ಹ್ಞೂಂ” ಅನ್ನುವರು, ಅಷ್ಟೇ. ಇಳಿಜಾರು ಬಂತು. ಹಿಮ್ಮಡಿ ಎಳೆಯುವ ಸದ್ದಿಗೆ ಕಿವಿಗೊಟ್ಟೆ. ಇಲ್ಲ, ಕಾಲುಗಳು ಜೋತುಬಿದ್ದಿದ್ದವು. ಎರಡೂ ಬ್ರೇಕು ಅದುಮಿದೆ. ಸೈಕಲ್ ಅಡ್ಡಡ್ಡ ಜಾರಿತು, ಜಲ್ಲಿ ಚಿಮ್ಮಿತು, ಬೇಲಿಯ ಮುಳ್ಳು ತೋಳನ್ನು ಗೀರಿತು. ಬೀಳಲಿಲ್ಲ. ಗೇಟಿನಾಚೆ ಆಟೊ ನಿಂತಿತ್ತು. ನನ್ನ ಚೂಡಿದಾರದ ಅಂಚು ಅವರ ಮುಷ್ಟಿಯಲ್ಲಿತ್ತು. ಆಟೊದವನು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು, “ಸರಿಯಾದ ಹೊತ್ತಿಗೆ ಬಂದ್ರಿ. ಯಾರಮ್ಮ ಕರ್ಕೊಂಡು ಬಂದಿದ್ದು?” ಅಂದರು.

ಅಕ್ಕ ಗದ್ದದಿಂದಲೇ ನನ್ನತ್ತ ತೋರಿಸಿದರು. “ಇವಳೇ. ಬ್ರೇಕ್ ಹಿಡಿಯಾದು ಇನ್ನೂ ಬರಲ್ಲ ಇವಳಿಗೆ.”

ಆಮೇಲೆ ಒಂದೂವರೆ ವರ್ಷ ಇದ್ದರು. ನನ್ನ ಹಿಂದೆ ಮಾತ್ರ ಮತ್ತೆ ಕೂರಲಿಲ್ಲ. “ನಿಂದು ಆತು, ಹೋಗು” ಎಂದು ಪಾರ್ಕಿನ ಕಟ್ಟೆಯ ಮೇಲೆ ಕೂತು ನನ್ನನ್ನು ಕಳಿಸುವರು. ಹರಿಹರದ ತಮ್ಮನ ಮನೆಗೆಂದು ಹೋದವರು ಅಲ್ಲೇ, ನಿದ್ದೆಯಲ್ಲೇ ತೀರಿಕೊಂಡರು.

ಆ ಇಳಿಜಾರಿನಲ್ಲಿ ಈಗ ಸೈಕಲ್ ತಳ್ಳುವುದಿಲ್ಲ, ಹತ್ತಿಯೇ ಬರುತ್ತೇನೆ. ಹಿಂದೆ ಭಾರವಿಲ್ಲದ ಸೈಕಲ್ ಸಣ್ಣ ಗಾಳಿಗೂ ವಾಲುತ್ತದೆ. ಅವತ್ತಿಗಿಂತ ಈಗಲೇ ಹೆಚ್ಚು ಹೆದರುತ್ತೇನೆ.