ಹಿತ್ತಲ ಹುಣಸೆಮರದ ಬಾಣಂತಿಯರು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಗಾರೆ ಕೆಲಸ. ಮದ್ದೂರು, ಮಳವಳ್ಳಿ ಕಡೆ ನಾನು ಎಬ್ಬಿಸಿದ ಒಂದು ಗೋಡೆಯೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅಂಥ ನಾನು ಕೊಕ್ಕರೆ ಬೆಳ್ಳೂರಿನ ನನ್ನ ಹಿತ್ತಲಲ್ಲೇ ಎಡವಿದೆ. ಮಗಳ ಚೊಚ್ಚಲ ಬಾಣಂತನಕ್ಕೆಂದು ಹುಣಸೆಮರದ ಕೆಳಗೆ, ತಂಪು ನೋಡಿ, ಶೀಟಿನ ಕೋಣೆ ಕಟ್ಟಿದೆ. ಊರಿನ ಮಿಕ್ಕ ಮರಗಳಿಗೆ ಪ್ರತಿವರ್ಷ ಕೊಕ್ಕರೆ ಬಂದರೂ ನಮ್ಮ ಮರಕ್ಕೆ ಬಂದು ಎಷ್ಟೋ ಕಾಲವಾಗಿತ್ತು. ಅದನ್ನೇ ನಂಬಿದ್ದೆ. ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ ನೋಡಿದರೆ, ಕೋಣೆಯ ಮೇಲಿನ ಕೊಂಬೆಯಲ್ಲೇ ಬಣ್ಣದ ಕೊಕ್ಕರೆಗಳು.

ನೋಡಲೇನೋ ಚೆಂದ. ಬಿಳಿ ಮೈ, ಎದೆಗೆ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ, ತುದಿ ಬಾಗಿದ ಹಳದಿ ಕೊಕ್ಕು, ಗರಿಯಿಲ್ಲದ ಕೆಂಪು ಮುಖ. ಗಂಡು ಕಡ್ಡಿ ತರುತ್ತದೆ, ಹೆಣ್ಣು ಜೋಡಿಸುತ್ತದೆ. ಆದರೆ ವಾರ ಕಳೆಯುವುದರೊಳಗೆ ನನ್ನ ಹೊಸ ಶೀಟು ಸುಣ್ಣ ಬಳಿದಂತಾಯಿತು. ಮೀನಿನ ನಾತ ಬೇರೆ.

ಅಷ್ಟರಲ್ಲಿ ಕೆರಗೋಡಿನಿಂದ ಮಗಳ ಅತ್ತೆ, ನಮ್ಮ ಬೀಗಿತ್ತಿ, ಕೋಣೆ ನೋಡಲು ಬರುತ್ತೇನೆಂದು ಹೇಳಿಕಳಿಸಿದರು. ಸರಿ ಕಾಣದಿದ್ದರೆ ಬಾಣಂತನ ಅಲ್ಲೇ ಮಾಡುವರಂತೆ. ಚೊಚ್ಚಲು ತವರಲ್ಲಿ ಆಗದಿದ್ದರೆ ನಾನು ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಕೊಡಲಿ ಹಿಡಿದು ಏಣಿ ಹತ್ತಿದೆ. ಅವ್ವ ಬಂದು ಏಣಿಯ ಬುಡದಲ್ಲಿ ನಿಂತಳು.

“ಇಳಿಲಾ ಕೆಳೀಕೆ. ನಿನ್ ಮಗ್ಳು ಒಬ್ಳೇಯಾ ತವರ್ಗೆ ಬರೋದು? ಅವೂ ಬಂದವೆ ಕಣ್ಲಾ. ಮೊಟ್ಟೆ ಇಡಕ್ ಬಂದೋರ ಕೊಂಬೆ ಕಡ್ದು ಇನ್ನೆಂತಾ ಬಾಣಂತ್ನ ಮಾಡೀಯೆ?”

ಗೂಡಿರುವ ಮರದ ಹುಣಸೆಕಾಯಿಯನ್ನೂ ಉದುರಿಸದ ಊರು ನಮ್ಮದು. ಕೊಡಲಿ ಹೆಗಲಿಗೇರಿಸಿ ಇಳಿದೆ.

ಬೀದಿ ಕಡೆಯ ತಾರಸಿ ಕೋಣೆ ನನ್ನದು, ನನ್ನ ಹೆಂಡತಿಯದು. ಟೈಲ್ಸು, ದೊಡ್ಡ ಕಿಟಕಿ, ಎಲ್ಲ ನನ್ನ ಕೈಕೆಲಸ. ಅದನ್ನು ಮಗಳಿಗೆ ತೊಳೆದಿಟ್ಟು, ನಮ್ಮ ಹಾಸಿಗೆಯನ್ನು ಕೊಕ್ಕರೆಗಳ ಕೆಳಕ್ಕೆ ಸಾಗಿಸಿದೆವು.

ಬೀಗಿತ್ತಿ ಬಂದರು. ತಾರಸಿ ಕೋಣೆಯ ಗೋಡೆ ತಟ್ಟಿದರು, ಕಿಟಕಿ ತೆಗೆದು ಗಾಳಿ ನೋಡಿದರು. ಹಿತ್ತಲಿಗೆ ಹೋಗಿ, ನಮ್ಮ ಹಾಸಿಗೆ ಕಂಡು, ಕತ್ತು ಮೇಲೆತ್ತಿದರು.

“ಅಲ್ಲಾ ಬೀಗ್ರೇ, ಈ ಮೇಲ್ಗಡೆ ಬಾಣ್ತೀರ್ಗೂ ಕೊಬ್ರಿ ಬೆಲ್ಲ ನೀವೇ ಕೊಡ್ಬೇಕಾ?”

“ಅವ್ರು ಸಿಂಸಾ ಒಳೇಲೇ ಊಟ ಮುಗಿಸ್ಕಂಡ್ ಬತ್ತಾರೆ ಬುಡಿ.”

ಬೀಗಿತ್ತಿ ಸೆರಗು ಬಾಯಿಗಿಟ್ಟು ನಕ್ಕರು. ಸೊಸೆಯನ್ನು ಯಾವತ್ತು ಕಳಿಸಲಿ ಎಂದು ಅಲ್ಲೇ ಕೇಳಿದರು.

ಈಗ ಬೇಸಿಗೆ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂತು ಮರಿ ಮಾಡಿವೆ. ಬಿಸಿಲೇರಿದರೆ ತಾಯಿ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಹಿಡಿಯುತ್ತದೆ, ಕೊಕ್ಕಿನಲ್ಲಿ ನೀರು ತಂದು ಮೇಲೆ ಸುರಿಯುತ್ತದೆ. ದೊಡ್ಡವು ಕೊಕ್ಕು ಕುಟ್ಟುತ್ತವೆಯೇ ಹೊರತು ಕೂಗುವುದಿಲ್ಲ, ಕೂಗಾಟವೆಲ್ಲ ಮರಿಗಳದ್ದು. ಮಗಳ ಕೋಣೆಯೊಳಗೂ ಹಾಗೆಯೇ.

ಇವತ್ತಿಗೆ ನನಗಿರುವುದು ಒಂದು ತಾರಸಿ ಕೋಣೆ, ಒಂದು ಶೀಟಿನ ಕೋಣೆ, ಒಂದು ಹುಣಸೆಮರ, ಅದರಲ್ಲಿ ಆರು ಗೂಡು, ಒಬ್ಬಳು ಮೊಮ್ಮಗಳು.